ಆನೆಯ ಎಡಗಡೆ

ಮಣ್ಣು ಮಾಡಿ ಬಂದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ ನಲ್ಲಿಯಲ್ಲಿ ನೀರು ಬಂತು. ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ನಮ್ಮದು ಬೌದ್ಧರ ಮನೆ. ಬುದ್ಧವಂದನೆ ಹೇಳಿ ಮುಗಿಸಿದ್ದೆವು, ತಿಥಿಯೂಟ ಇರಲಿಲ್ಲ. ಊಟವಿಲ್ಲದ ಮೇಲೆ ನೆಂಟರಿಗೆ ಉಳಿಯಲು ಕಾರಣವೂ ಇರಲಿಲ್ಲ. ನಾನು ಬಿಂದಿಗೆ ಇಟ್ಟು ನಿಂತಿದ್ದೆ. ಕಾಂಪೌಂಡಿನ ಆಚೆ ಪಕ್ಕದ ಮನೆಯ ದಾಕ್ಷಾಯಣಮ್ಮ ತಮ್ಮ ಬಿಂದಿಗೆ ಇಟ್ಟುಕೊಂಡು, ನನ್ನನ್ನು ನೋಡದ ಹಾಗೆ ನೋಡುತ್ತ ನಿಂತಿದ್ದರು. ಆಗ ನನ್ನ ಗಂಡ ಕೀರ್ತಿರಾಜನ ಫೋನು ಹೊಡೆದುಕೊಂಡಿತು.

ಕೈ ಒದ್ದೆಯಾಗಿತ್ತು. ಸ್ಪೀಕರ್ ಒತ್ತಿದೆ.

"ಕೀರ್ತಿರಾಜ್ ಅವ್ರೇ, ದಂತ ಜೋಡಿ ಆಯ್ತಾ?" ದೊಡ್ಡ ಗಂಟಲು. "ಆನೆ ಬೋಳುಮೂತಿ ಇಟ್ಕಂಡು ನಿಂತೈತೆ ಕಣ್ರೀ, ನೋಡಕಾಯ್ತಾ ಇಲ್ಲ. ಗೋಣಿಚೀಲದಲ್ಲಿ ಸುತ್ತಿ ಬಸ್ಸಿಗೆ ಆಕ್ಬುಡಿ. ಯಾರ್ಗೂ ಗೊತ್ತಾಗಕಿಲ್ಲ."

"ಅವರು ತೀರ್ಕೊಂಡ್ರು," ಎಂದೆ.

"ಅಯ್ಯೋ! ಯಾವಾಗಮ್ಮ?"

"ಮೊನ್ನೆ."

"ಅಯ್ಯೋ ದೇವ್ರೇ. ಒಳ್ಳೇ ಮನ್ಷ." ಗೌರವಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು, ದನಿ ತಗ್ಗಿಸಿ ಕೇಳಿದರು, "ದಂತ ಮನೇಲೇ ಐತಾ?"

ದಾಕ್ಷಾಯಣಮ್ಮನವರ ಬಿಂದಿಗೆ ತುಂಬಿ, ಉಕ್ಕಿ, ನೀರು ನಮ್ಮ ಕಡೆಗೇ ಹರಿಯುತ್ತಿತ್ತು. ಅವರು ನಲ್ಲಿ ನಿಲ್ಲಿಸಲಿಲ್ಲ.

ಫೋನ್ ಮಾಡಿದವರು ನಂಜಯ್ಯ, ಚನ್ನರಾಯಪಟ್ಟಣದಲ್ಲಿ ಹೈವೇ ಪಕ್ಕದ ಒಂದು ಕಲ್ಯಾಣಮಂಟಪದ ಮ್ಯಾನೇಜರ್. ಮಂಟಪದ ಬಾಗಿಲಲ್ಲಿ ಒಂದು ಸಿಮೆಂಟಿನ ಆನೆ ಇದೆ. ಒಂದೇ ಆನೆ. ಎರಡನೆಯದು ನಿಲ್ಲಬೇಕಿದ್ದ ಜಾಗದಲ್ಲಿ ಜನರೇಟರ್ ನಿಂತಿದೆ. ಅಡುಗೆಯವರ ಟೆಂಪೋ ರಿವರ್ಸ್ ಬರುವಾಗ ಆನೆಯ ಒಂದು ಫೈಬರ್ ದಂತ ಪುಡಿಯಾಗಿತ್ತು. ಮುರಿದ ಹಲ್ಲಿಗೆ ಯಾರ ಹತ್ತಿರ ಹೋಗಬೇಕು ಎಂದು ನಂಜಯ್ಯ ಯೋಚಿಸಿದ್ದಾರೆ. ಯೋಚನೆಯಲ್ಲಿ ತಪ್ಪಿರಲಿಲ್ಲ. ಕೀರ್ತಿ ಹಾಸನದಲ್ಲಿ ಹಲ್ಲುಸೆಟ್ ಮಾಡುವವನು. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಸರಿಯಾಗಿ ಇವನು ಮನೆಯ ಹಿಂದಿನ ಕೋಣೆಯಲ್ಲಿ ಹಲ್ಲು ಮಾಡಿ ಕಳಿಸುತ್ತಿದ್ದ. ಆನೆಯ ದಂತವನ್ನೂ ಒಪ್ಪಿಕೊಂಡ. ಮಾದರಿಗೆಂದು ಆನೆಯ ಉಳಿದ ದಂತವನ್ನೂ ಬಿಚ್ಚಿಸಿ ಎರವಲು ತಂದಿದ್ದ.

ಹಿಂದಿನ ಕೋಣೆಗೆ ಹೋಗಿ ನೋಡಿದೆ. ಪ್ಲಾಸ್ಟರ್ ಚೀಲದ ಹಿಂದೆ ಎರಡು ದಂತಗಳಿದ್ದವು. ಎರಡಕ್ಕೂ ಒಂದೇ ಹಳದಿ, ಒಂದೇ ಕೊಳೆ, ಮದುವೆಗಳ ಕುಂಕುಮದ ಒಂದೇ ಕಲೆ. ಒಂದು ಹೊಸ ಹಲ್ಲು ಪಕ್ಕದ ಹಳೆಯ ಹಲ್ಲಿಗಿಂತ ಬಿಳಿಯಾಗಿ ಕಂಡರೆ ಈ ಕೆಲಸದವರು ಅದನ್ನು ಸೋಲು ಎನ್ನುತ್ತಾರೆ. ಕೀರ್ತಿ ಸೋತಿರಲಿಲ್ಲ. ಒಂದು ಈ ಕಡೆ ಬಾಗಿತ್ತು, ಇನ್ನೊಂದು ಆ ಕಡೆ ಬಾಗಿತ್ತು. ಹೊರಗೆ ಕಾಣುವ ಭಾಗದಲ್ಲಿ ವ್ಯತ್ಯಾಸ ಅಷ್ಟೇ.

ಅತ್ತೆ ಮಾಯಮ್ಮ ಬಾಗಿಲಲ್ಲಿ ನಿಂತು ಕೇಳಿದರು, "ಯಾವ್ದು ಅವ್ರುದು?"

"ಗೊತ್ತಾಗ್ತಿಲ್ಲ ಅತ್ತೆ."

"ಗೊತ್ತುಮಾಡ್ಕಂಡು ಕೊಟ್ಬುಡು ಮಗ. ಅವ್ರು ದೊಡ್ಡೋರು. ತಕ್ಕಂಡೋದ, ಕೊಡ್ನೇ ಇಲ್ಲ ಅಂತ ನಾಳೆ ಒಂದ್ ಮಾತು ಬಂದ್ರೆ ನನ್ ಮಗ ಎದ್ ಬಂದು ಉತ್ರ ಕೊಟ್ಟಾನಾ? ಅವ್ರ ಸಾಮಾನು ಅವ್ರ ಕೈ ಸೇರಗಂಟ ನಂಗೆ ಅನ್ನ ಇಳಿಯಕಿಲ್ಲ."

ಅತ್ತೆ ಮಾತಿಗೆ ಹೇಳುವವರಲ್ಲ. ಬೆಳಗಿನ ರಾಗಿಮುದ್ದೆ ತಟ್ಟೆಯಲ್ಲೇ ಉಳಿಯಿತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತುವುದು, ತಮ್ಮದು ಯಾವುದೆಂದು ನಂಜಯ್ಯನವರೇ ಹೇಳಲಿ ಎಂದು ನಾನು ಲೆಕ್ಕ ಹಾಕಿದೆ. ಚೀಲ ಹುಡುಕುತ್ತಿರುವಾಗ ಸಂಘ ಬಂತು.

ಎಂ.ಎ.ಯಲ್ಲಿ ನನಗೆ ಸಂಘಸಂಸ್ಥೆಗಳ ಸಮಾಜಶಾಸ್ತ್ರ ಎಂಬ ಪತ್ರಿಕೆ ಇತ್ತು. ಸಂಘಗಳು ಯಾಕೆ ಹುಟ್ಟುತ್ತವೆ ಎಂಬುದಕ್ಕೆ ಅದರಲ್ಲಿ ಹಲವು ಕಾರಣ ಕೊಟ್ಟಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಡೆಂಟಲ್ ಲ್ಯಾಬಿನವರ ಸಂಘ ಅವುಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದಕ್ಕೆ ಕೆಲವು ನಿಯಮಗಳಿವೆ. ಎಲ್ಲರೂ ಒಂದೇ ರೇಟು ಹೇಳಬೇಕು. ಒಬ್ಬರ ಕ್ಲಿನಿಕ್ಕನ್ನು ಇನ್ನೊಬ್ಬರು ಕಿತ್ತುಕೊಳ್ಳಬಾರದು. ಡಾಕ್ಟರ ಚೀಟಿ ಇಲ್ಲದೆ ಒಂದು ಹಲ್ಲೂ ಲ್ಯಾಬಿನಿಂದ ಹೊರಗೆ ಹೋಗಬಾರದು. ಸದಸ್ಯ ಸತ್ತರೆ ಅವನ ಬಾಕಿ ಹಲ್ಲುಗಳನ್ನು ಉಳಿದವರು ಹಂಚಿಕೊಂಡು ಮಾಡಿಕೊಡಬೇಕು. ಮೊದಲಿನ ಎರಡನ್ನು ಎಲ್ಲರೂ ದಿನಾ ಮುರಿಯುತ್ತಾರೆ. ಕೊನೆಯದನ್ನು ಯಾರೂ ಮುರಿದಿಲ್ಲ.

ಅಧ್ಯಕ್ಷರು ಚನ್ನರಾಯಪಟ್ಟಣದ ದೇವರಾಜು. ನಾವೆಲ್ಲ ದೇವರಾಜಣ್ಣ ಎನ್ನುತ್ತೇವೆ. ತೆಂಗಿನಕಾಯಿ ವ್ಯಾಪಾರದ ಮನೆಯವರು, ತಾವು ಹಲ್ಲಿಗೆ ಬಂದವರು. "ನಿಮ್ ಸಂಘ ಏನ್ ಮಾಡ್ತದೆ?" ಎಂದು ಯಾರು ಕೇಳಿದರೂ ಅವರಿಗೆ ಬೆವರು ಬರುತ್ತಿತ್ತು. ಹೆಚ್ಚಾಗಿ ಕೇಳುತ್ತಿದ್ದವರು ಅವರ ಹೆಂಡತಿ ಲಕ್ಕಮ್ಮ. ಒಂದು ದಿನ ಯಾರೋ ಅವರ ಲ್ಯಾಬಿನ ಬೋರ್ಡು ನೋಡಿ ಒಳಗೆ ಬಂದು ಮೂತ್ರದ ಬಾಟಲಿಯನ್ನು ಹಲ್ಲುಗಳ ಪಕ್ಕ ಇಟ್ಟು, ರಿಪೋರ್ಟು ಸಂಜೆಗೆ ಸಿಗುತ್ತಾ ಎಂದು ಕೇಳಿದರು. ಅಂದಿನಿಂದ ಲ್ಯಾಬ್ ಎಂಬ ಪದವನ್ನು ಅವರು ದ್ವೇಷಿಸಿದರು. ಈ ವರ್ಷ ಸಂಘಕ್ಕೆ, ತಮ್ಮ ಪ್ರಕಾರ ಅಚ್ಚಗನ್ನಡದ, ಹೆಸರಿಟ್ಟರು: ದಂತಶಿಲ್ಪಿಗಳ ಸಂಘ. ಆ ಹೆಸರನ್ನು ಎಲ್ಲಾದರೂ ದೊಡ್ಡ ಅಕ್ಷರದಲ್ಲಿ ಹಾಕಬೇಕೆಂದು ಕಾಯುತ್ತಿದ್ದರು. ಕೀರ್ತಿ ಸತ್ತ.

"ನಾಲ್ಕೂ ಊರಲ್ಲಿ ಫ್ಲೆಕ್ಸ್ ಹಾಕ್ಸಿದೀನಿ ಕಣಮ್ಮ," ಎಂದರು ದೇವರಾಜಣ್ಣ, ಕುಳಿತುಕೊಳ್ಳುವ ಮೊದಲೇ. ಫೋನಿನಲ್ಲಿ ತೋರಿಸಿದರು. ದಂತಶಿಲ್ಪಿ ಕೀರ್ತಿರಾಜ್ ಇನ್ನಿಲ್ಲ, ದಂತಲೋಕಕ್ಕೆ ತುಂಬಲಾರದ ನಷ್ಟ ಎಂದಿತ್ತು. ಕೀರ್ತಿಯ ಫೋಟೋ ಚಿಕ್ಕದು, ಸುತ್ತ ಪದಾಧಿಕಾರಿಗಳ ಫೋಟೋ ದೊಡ್ಡವು. ಅರಕಲಗೂಡಿನಲ್ಲಿ ಅದನ್ನು ಕಟ್ಟಲು ಜಾಗ ಸಿಕ್ಕಿದ್ದು, 'ಕಾಡಾನೆಗಳಿವೆ ಎಚ್ಚರ' ಎಂಬ ಬೋರ್ಡಿನ ಪಕ್ಕದಲ್ಲಿ.

ಅವರ ಜೊತೆ ಅರಕಲಗೂಡಿನ ಬೋರಪ್ಪ ಬಂದಿದ್ದರು. ಸಂಘದಲ್ಲಿ ಎಲ್ಲರಿಗಿಂತ ಹಿರಿಯರು, ಖಜಾಂಚಿ. ಅವರು ಕೀರ್ತಿಯ ಬಾಕಿ ಕೆಲಸವನ್ನೆಲ್ಲ ಸುಮ್ಮನೆ ಒಂದು ಟವಲ್ಲಿನ ಮೇಲೆ ಜೋಡಿಸತೊಡಗಿದರು. ಇದು ಹೊಳೆನರಸೀಪುರದ ಗಂಗಯ್ಯನಿಗೆ, ಇದು ನನಗೆ, ಇದು ದೇವರಾಜನಿಗೆ. ಹಾಗೆ ಜೋಡಿಸುತ್ತ ಪ್ಲಾಸ್ಟರ್ ಚೀಲದ ಹಿಂದೆ ಕೈ ಹಾಕಿದರು.

"ಲೇ ದೇವರಾಜ," ಎಂದರು ಬೋರಪ್ಪ. "ಈ ರೋಗಿ ಯಾರ್ಲಾ?"

ನಾನು ವಿಷಯ ಹೇಳಿದೆ. ದೇವರಾಜಣ್ಣ ದಂತವನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅಧ್ಯಕ್ಷರ ಮುಖವಾಯಿತು.

"ಚೀಟಿ ಎಲ್ಲಮ್ಮ?"

"ಯಾವ ಚೀಟಿ?"

"ಡಾಕ್ಟರ್ ಚೀಟಿ. ಚೀಟಿ ಇಲ್ದೆ ಕೃತಕ ದಂತ ಆಚೆ ಓಗಂಗಿಲ್ಲ. ನಮ್ ಸಂಘದ ಬೈಲಾ."

"ಇದು ಆನೆಗೆ, ದೇವರಾಜಣ್ಣ."

"ಬೈಲಾದಲ್ಲಿ ಮನುಷ್ಯರ ದಂತ ಅಂತ ಎಲ್ಲೂ ಬರ್ದಿಲ್ಲ ಕಣಮ್ಮ. ದಂತ ಅಂತ ಐತೆ."

"ಅಂಗಾರೆ ದನದ ಡಾಕ್ಟ್ರ ಕೈಲಿ ಬರೆಸ್ಕಂಡ್ರಾಯ್ತು," ಎಂದರು ಬೋರಪ್ಪ.

"ಸಿಮೆಂಟ್ ಆನೆಗೆ ದನದ ಡಾಕ್ಟ್ರು ಬರ್ಕೊಡ್ತಾರಾ? ಪಿಡಬ್ಲ್ಯುಡಿ ಇಂಜಿನಿಯರ್ರು ಬರ್ಕೊಡ್ಬೇಕು!"

ನಾನು ಹೇಳಿದೆ, "ಹೊಸದರ ಮಾತು ಬಿಡಿ. ಎರವಲು ತಂದಿದ್ದಕ್ಕೆ ಚೀಟಿ ಬೇಕಾಗಿಲ್ಲ ಅಲ್ವಾ? ಅದನ್ನ ಮಾತ್ರ ಕೊಟ್ಟು ಬರ್ತೀನಿ. ಅತ್ತೆ ಊಟ ಬಿಟ್ಟಿದ್ದಾರೆ."

"ಅದುಕ್ ಬ್ಯಾಡ. ಎರವಲು ಯಾವ್ದು?"

ನಾನು ಎರಡನ್ನೂ ಅವರ ಮುಂದೆ ಸರಿಸಿದೆ. ಅವರೂ ಬೋರಪ್ಪನೂ ಎರಡನ್ನೂ ತಟ್ಟಿದರು, ಉಗುರಿನಲ್ಲಿ ಕೆರೆದರು. ಬೋರಪ್ಪ ಮೂಸಿ ನೋಡಿದರು. "ಭಾನುವಾರ ಎಂಗೂ ಶ್ರದ್ಧಾಂಜಲಿ ಸಭೆ ಐತೆ," ಎಂದರು ದೇವರಾಜಣ್ಣ. "ನಾಲ್ಕು ತಾಲ್ಲೂಕಿನ ಕಣ್ಣು ಬೀಳ್ಲಿ. ಅಲ್ಲಿಗಂಟ ಎರಡೂ ಇಲ್ಲೇ ಇರ್ಲಿ."

ಅತ್ತೆ ಅಡುಗೆಮನೆಯಿಂದ, "ಭಾನುವಾರ್ದಗಂಟವಾ?" ಎಂದರು. ನಂತರ ಒಲೆ ಆರಿಸಿದ ಸದ್ದು ಕೇಳಿತು.

ಅಷ್ಟರಲ್ಲಿ ದಾಕ್ಷಾಯಣಮ್ಮನವರ ಬಾಯಿಂದ ನಲ್ಲಿಯ ಮಾತು ಬೀದಿಗೆ ಹೋಗಿತ್ತು. ಫ್ಲೆಕ್ಸು ಸರ್ಕಲ್ಲಿನಲ್ಲಿ ಅದನ್ನು ಎದುರುಗೊಂಡಿತು. ಆನೆ, ಗೋಣಿಚೀಲ, ಯಾರಿಗೂ ಗೊತ್ತಾಗಕಿಲ್ಲ, ದಂತಶಿಲ್ಪಿ. ಬೀದಿಯವರು ಹಲ್ಲು ಎಂದರೆ ಹಲ್ಲು ಎಂದುಕೊಳ್ಳುತ್ತಾರೆ. ದಂತ ಎಂದರೆ ಆನೆಯದು ಎಂದುಕೊಳ್ಳುತ್ತಾರೆ. ಭಾಷೆಯ ಮಟ್ಟಿಗೆ ಅವರದೇ ಸರಿ.

ನಮಗೆ ಹೊಸ ಗೌರವ ಬಂತು. ಸಂತಾಪಕ್ಕೆ ಉಪ್ಪಿಟ್ಟು ತಂದುಕೊಟ್ಟಿದ್ದ ದಾಕ್ಷಾಯಣಮ್ಮ ಮಾರನೆಯ ದಿನ ಗೋಡಂಬಿ ಹಾಕಿದ ಕೇಸರಿಬಾತ್ ತಂದರು. ಸಾವಿನ ಮನೆಗೆ ಸಿಹಿ ಕೊಡುವುದಿಲ್ಲ. ಶ್ರೀಮಂತರ ಮನೆಗೆ ಕೊಡುತ್ತಾರೆ.

"ಹೊರಗೆ ಒಂಚೂರೂ ತೋರಿಸ್ಕೊಳ್ಲಿಲ್ಲ ನೋಡಿ ನಿಮ್ಮನೆಯವ್ರು," ಎಂದರು. "ಅದೇ ಹಳೇ ಸ್ಕೂಟರು, ಅದೇ ಎರಡು ಷರ್ಟು. ಅದೆಲ್ಲ ಎಲ್ಲರ ಕೈಲೂ ಆಗಲ್ಲ ಕಣ್ರೀ."

"ಏನು ಆಗಲ್ಲ?"

"ನಾನೇನೂ ಕೇಳ್ತಿಲ್ಲಪ್ಪ," ಎಂದು ನಮ್ಮ ಹಿಂದಿನ ಕೋಣೆಯ ಬಾಗಿಲನ್ನೇ ನೋಡುತ್ತ ಹೇಳಿದರು.

ಮೊಸಳೆ ಎಂಬ ತನ್ನ ಊರಿಗೆ ಹಿಂತಿರುಗಿದ್ದ ಕೀರ್ತಿಯ ದೊಡ್ಡಪ್ಪನ ಮಗ ಶಿವರಾಜು ಮತ್ತೆ ಬಂದ. ಮಣ್ಣು ಮಾಡುವಾಗ ರಜೆ ಸಿಕ್ಕಿಲ್ಲವೆಂದು ಅರ್ಧಕ್ಕೆ ಹೊರಟಿದ್ದವನಿಗೆ ಈಗ ಒಂದು ವಾರ ರಜೆ ಸಿಕ್ಕಿತ್ತು. ಗೋಡೆಗೆ ಒರಗುವ ನೆಪದಲ್ಲಿ ಅಲ್ಲಲ್ಲಿ ತಟ್ಟಿ ನೋಡಿದ.

"ಅತ್ಗೆ, ಅಣ್ಣ ಓಗಕ್ ಮುಂಚೆ ನಂಗೇನಾರ ಅಂತ ಹೇಳಿದ್ನಾ?"

"ಹೇಳ್ತಿದ್ದ."

ಅವನು ನೆಟ್ಟಗೆ ಕುಳಿತ. "ಏನಂತ?"

"ಮುಂದಿನ ಎರಡು ಹಲ್ಲು ಕಟ್ಟಿಸ್ಕೋ ಅಂತ."

ಶಿವರಾಜು ಬಾಯಿ ಮುಚ್ಚಿಕೊಂಡ. ರಜೆಯನ್ನು ರದ್ದು ಮಾಡಿಕೊಳ್ಳಲಿಲ್ಲ.

ಮರುದಿನ ಜೀಪು ಬಂತು. ಅರಣ್ಯದ ಅಧಿಕಾರಿ, ಜೊತೆಗೊಬ್ಬ ಗಾರ್ಡು. ಬೀದಿಯವರೆಲ್ಲ ಒಟ್ಟಿಗೆ ಗೇಟಿಗೆ ಬಂದು ತಮ್ಮ ತಮ್ಮ ಗಿಡಗಳಿಗೆ ನೀರು ಹಾಕತೊಡಗಿದರು. ಗಿಡ ಇಲ್ಲದವರೂ ಹಾಕಿದರು.

"ಕೀರ್ತಿರಾಜ್ ಇದ್ದಾರಾ?"

"ಇಲ್ಲ."

ಗಾರ್ಡು 'ತಲೆಮರೆಸಿಕೊಂಡಿದ್ದಾರೆ' ಎಂದು ಬರೆದುಕೊಂಡ.

"ಎಲ್ಲಿಗೆ ಹೋಗಿದ್ದಾರೆ?"

"ಸತ್ತುಹೋಗಿದ್ದಾರೆ."

"ಅದನ್ನ ಹೊಡೆದುಹಾಕಯ್ಯ," ಎಂದರು ಅಧಿಕಾರಿ ಗಾರ್ಡಿಗೆ. ಅವರು ಒಳ್ಳೆಯವರೇ. ಟೋಪಿ ತೆಗೆದರು. ಆಮೇಲೆ ಕೇಳಿದರು, "ಮನೇಲಿ ದಂತ ಇದೆಯೇನಮ್ಮ?"

"ಇದೆ. ಮೇಲಿನದು ಬೇಕಾ, ಕೆಳಗಿನದು ಬೇಕಾ?"

ಹಲ್ಲುಗಳ ಡ್ರಾಯರ್ ಎಳೆದು ತೋರಿಸಿದೆ. ಅವರು ಬಹಳ ಹೊತ್ತು ಅದನ್ನು ನೋಡಿದರು. ತಮಗೆ ಬಂದ ದೂರಿನ ಬಗ್ಗೆ ಅವರಿಗೆ ಅನುಮಾನ ಹುಟ್ಟುತ್ತಿತ್ತು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಹೊರಟುಹೋಗುತ್ತಿದ್ದರೋ ಏನೋ. ಆದರೆ ಜೀಪು ಬಂದ ಸುದ್ದಿ ಕೇಳಿ ಸಂಘದ ಮಾನ ಉಳಿಸಲು, ಸಭೆಗೆ ಜಾಗ ನೋಡಲೆಂದು ಹಾಸನದಲ್ಲೇ ಇದ್ದ ದೇವರಾಜಣ್ಣ ತಮ್ಮ ಓಮ್ನಿಯಲ್ಲಿ ಬಂದಿಳಿದರು. ಅಧಿಕಾರಿಯೊಬ್ಬರು ತಮ್ಮ ಕ್ಷೇತ್ರದ ಬಗ್ಗೆ ಆಸಕ್ತಿ ತೋರಿಸಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು.

"ನಾನೇ ಅಧ್ಯಕ್ಷ ಸಾ. ನಾಲ್ಕು ತಾಲ್ಲೂಕಿನ ದಂತದ ವ್ಯವಹಾರ ಪೂರ್ತಿ ನಮ್ ಸಂಘದ ಕೈಲೇ ಐತೆ. ನಮಗ್ ಗೊತ್ತಿಲ್ದೆ ಒಂದು ದಂತನೂ ಆಚೆ ಈಚೆ ಓಗಲ್ಲ."

ಅಧಿಕಾರಿ ಡ್ರಾಯರ್ ಮುಚ್ಚಿದರು. "ಮಾಲು ಎಲ್ಲಿಂದ ಬರುತ್ತೆ?"

"ಬೆಂಗ್ಳೂರಿಂದ ಬತ್ತದೆ. ಈಗೀಗ ಚೈನಾದ್ದೂ ಬತ್ತದೆ ಸಾ."

"ಅರಕಲಗೂಡಿಂದ?"

"ಬೇಜಾನ್! ಬೋರಪ್ಪ ಅಂತ ನಮ್ಮೋರೇ. ದಿನಾ ಬಸ್ಸಲ್ಲಿ ಕಳಿಸ್ತಾರೆ. ಕಂಡಕ್ಟರ್ ಗೊತ್ತಿರೋನು, ಸೀಟ್ ಕೆಳಗೆ ಮಡಗ್ಕಂಡ್ ಬತ್ತಾನೆ."

ಗಾರ್ಡಿನ ಪೆನ್ನು ನಿಲ್ಲದೆ ಓಡುತ್ತಿತ್ತು.

"ಇದೆಲ್ಲ ಪೊಲೀಸರಿಗೆ ಗೊತ್ತೇನ್ರಿ?"

"ಪೊಲೀಸ್ರೇ ಹಾಕಿಸ್ಕಂಡವ್ರೆ ಸಾ!" ಎಂದರು ದೇವರಾಜಣ್ಣ, ಹೆಮ್ಮೆಯಿಂದ. "ಹೋದ್ ತಿಂಗ್ಳು ಒಬ್ರು ಹೆಡ್ ಕಾನ್‌ಸ್ಟೇಬಲ್‌ಗೆ ಎರಡು ಕೂರಿಸ್ಕೊಟ್ಟಿದೀನಿ. ಕಬ್ಬು ಕಡೀತಾವ್ರೆ ಈಗ."

ಕಬ್ಬಿನ ಮಾತಿಗೆ ಗಾರ್ಡಿನ ಪೆನ್ನು ನಿಂತಿತು. ಅಧಿಕಾರಿ ದೇವರಾಜಣ್ಣನವರ ಬಾಯಿಯನ್ನೂ, ನನ್ನನ್ನೂ ನೋಡಿದರು. ಇನ್ನು ಎಳೆಯುವುದು ಬೇಡವೆಂದು ನಾನೇ ಪ್ಲಾಸ್ಟರ್ ಚೀಲದ ಹಿಂದಿನಿಂದ ಎರಡೂ ದಂತಗಳನ್ನು ತಂದು ಮುಂದಿಟ್ಟೆ. ಗೇಟುಗಳಲ್ಲಿ ನೀರು ನಿಂತಿತು. ದಾಕ್ಷಾಯಣಮ್ಮ, "ನಾನ್ ಹೇಳ್ಲಿಲ್ವಾ," ಎಂದು ಯಾರಿಗೋ ಹೇಳಿದರು.

ಅಧಿಕಾರಿ ಜೇಬಿನಿಂದ ಭೂತಗನ್ನಡಿ ತೆಗೆದರು. ಆನೆಯ ನಿಜವಾದ ದಂತವಾದರೆ ಕತ್ತರಿಸಿದ ಕಡೆ ಬಲೆಯ ಹಾಗೆ ಗೀರುಗಳಿರುತ್ತವಂತೆ. ಇವುಗಳಲ್ಲಿ ಇರಲಿಲ್ಲ. "ಎರಡೂ ಪ್ಲಾಸ್ಟಿಕ್ಕು ಕಣಯ್ಯ," ಎಂದರು ಗಾರ್ಡಿಗೆ. ಬೀದಿಯ ಕಡೆ ತಿರುಗಿ ಅದನ್ನೇ ಇನ್ನೊಮ್ಮೆ, ಜೋರಾಗಿ ಹೇಳಿದರು. ನಮ್ಮ ಗೌರವ ಅಲ್ಲಿಗೆ ಮುಗಿಯಿತು. ಶಿವರಾಜುವಿಗೆ ಆಫೀಸಿನಿಂದ ಫೋನು ಬಂದು, ಅವನು ತಕ್ಷಣ ಹೊರಡಬೇಕಾಯಿತು.

"ಆದರೂ ದೂರು ಬಂದಿದೆಯಲ್ಲ, ಮುಚ್ಚೋದಕ್ಕೆ ಒಂದು ಕಾಗದ ಬೇಕು," ಎಂದರು ಅಧಿಕಾರಿ. "ಇದರಲ್ಲಿ ಎರವಲು ತಂದಿದ್ದು ಯಾವುದು, ಇವರು ಮಾಡಿದ್ದು ಯಾವುದು ಅಂತ ನಿಮ್ಮ ಸಂಘದಿಂದ ಬರೆದುಕೊಡಿ. ನೀವು ತಾನೇ ತಿಳಿದೋರು."

ದೇವರಾಜಣ್ಣನ ಕಣ್ಣಲ್ಲಿ ನೀರು ಬಂತು. ನಮ್ಮ ಮನೆಯ ಸಾವಿಗೆ ಕಣ್ಣೀರು ಹಾಕಿದ ಪುರುಷರಲ್ಲಿ ಅವರೇ ಮೊದಲಿಗರು. ಓಮ್ನಿ ಹತ್ತುವ ಮೊದಲೇ ಹೆಂಡತಿಗೆ ಫೋನ್ ಮಾಡಿದರು. "ಲಕ್ಕೀ, ಸಂಘ ಏನ್ ಮಾಡ್ತದೆ ಅಂತಿದ್ಯಲ್ಲ? ಸರ್ಕಾರ ಕೇಳ್ತಾ ಐತೆ ಕಣೇ, ಸರ್ಕಾರ!"

ಭಾನುವಾರದ ಸಭೆ ಹಾಸನದ ಒಂದು ಹೋಟೆಲಿನ ಮಹಡಿಯಲ್ಲಿ ನಡೆಯಿತು. ಕೀರ್ತಿಯ ಫೋಟೋಗೆ ಹಾರ, ಅದರ ಮುಂದೆ ಬಿಳಿ ಬಟ್ಟೆಯ ಮೇಲೆ ಎರಡು ದಂತ. ಒಂದು ನಿಮಿಷದ ಮೌನವನ್ನು ಬೇಗ ಮುಗಿಸಿದರು. ಎಲ್ಲರ ಕಣ್ಣೂ ದಂತದ ಮೇಲಿತ್ತು. ಅತ್ತೆ ನನ್ನ ಪಕ್ಕ ಬಾಳೆಹಣ್ಣಿನ ಮೇಲೆ ಬದುಕಿದ್ದವರ ಮುಖ ಮಾಡಿಕೊಂಡು ಕುಳಿತಿದ್ದರು.

"ಇದ್ಕೆ ಸಭೆ ಯಾಕೆ?" ಎಂದರು ಹೊಳೆನರಸೀಪುರದ ಗಂಗಯ್ಯ. "ಮಾಲಿನೋರ್ಗೆ ಒಂದ್ ಫೋನ್ ಮಾಡಿದ್ರಾಗಕಿಲ್ವಾ?"

ಇಷ್ಟು ದಿನ ಇದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ದೇವರಾಜಣ್ಣ ಸ್ವಲ್ಪ ನೊಂದುಕೊಂಡೇ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ನಂಜಯ್ಯನೋರೇ, ನೀವು ಕೀರ್ತಿರಾಜ್‌ಗೆ ಕೊಟ್ಟಿದ್ದು ಯಾವ ಕಡೇ ದಂತ?"

"ಎಡಗಡೇದು," ಎಂದರು ನಂಜಯ್ಯ. "ಬಲಗಡೇದಲ್ವಾ ಟೆಂಪೋ ಒಡ್ದಿದ್ದು? ಬೇಗ ಕಳ್ಸಿ, ಬುಧವಾರ ಮದ್ವೆ ಐತೆ."

ಅಷ್ಟು ಸಾಕಾಗಿತ್ತು. ಕಡಲೆಬೀಜದಷ್ಟು ಹಲ್ಲು ಕೊಟ್ಟರೂ ಬಾಗು ನೋಡಿ ಎಡವೋ ಬಲವೋ ಹೇಳುವ ಜನ. ಬೋರಪ್ಪ ಕನ್ನಡಕ ಏರಿಸಿ, ಎರಡನ್ನೂ ಒಮ್ಮೆ ತಿರುಗಿಸಿ, ಒಂದರ ಮೇಲೆ ಕೈಯಿಟ್ಟರು. "ಇದು ಎಡ." ಯಾರೂ ತಕರಾರು ಮಾಡಲಿಲ್ಲ. ದೇವರಾಜಣ್ಣ ನನ್ನ ಕಡೆ ಬಾಗಿ ವಿವರಿಸಿದರು, "ನಮ್ ಕಸುಬಲ್ಲಿ ಎಡ ಅಂದ್ರೆ ರೋಗಿ ಎಡ ಕಣಮ್ಮ. ಎದುರು ನಿಂತು ನೋಡೋರ ಎಡ ಅಲ್ಲ. ಅದು ತಿಳೀದೆ ಹೊಸಬ್ರು ತಪ್ಪು ಮಾಡ್ಬುಡ್ತಾರೆ."

ಎರವಲು ಯಾವುದೆಂದು ತೀರ್ಮಾನವಾದ ಮೇಲೆ ಶ್ರದ್ಧಾಂಜಲಿ ಶುರುವಾಯಿತು. ಅದು ಹೆಚ್ಚು ಕಡಿಮೆ ದಂತಗಳ ವಿಮರ್ಶೆಯೇ ಆಯಿತು.

"ಈ ಹಳೇದ್ರ ಬುಡ ನೋಡಿ," ಎಂದರು ಗಂಗಯ್ಯ, ಎಡದ ದಂತವನ್ನು ಎತ್ತಿ. "ಏನ್ ನಯ! ಹಳೇ ಕಾಲದ ಕೈ. ಇವತ್ತು ನಮ್ಮಲ್ಲಿ ಯಾರ್ ಮಾಡ್ತೀವಿ ಇದ್ನ?"

ಇನ್ನೊಂದನ್ನು ಕೈಯಿಂದ ಕೈಗೆ ದಾಟಿಸಿದರು. ಅದರ ಬುಡ ಒರಟಾಗಿತ್ತು, ಒಂದು ಕಡೆ ಗುಳ್ಳೆ ಎದ್ದಿತ್ತು. ಎಲ್ಲರೂ ನಾಲಿಗೆ ಲೊಚಗುಟ್ಟಿದರು.

"ಕೀರ್ತಿ ಒಳ್ಳೇ ಕೆಲಸಗಾರ," ಎಂದರು ದೇವರಾಜಣ್ಣ ಮೈಕಿನಲ್ಲಿ. "ಅವನ ಹಲ್ಲು ಇಟ್ಕಂಡು ಈ ನಾಲ್ಕು ತಾಲ್ಲೂಕಲ್ಲಿ ಎಷ್ಟು ಜನ ಉಣ್ತಾವ್ರೆ. ಕೊನೇಲಿ ಕೈ ಸೋತಿತ್ತು. ನಿಜ ಹೇಳ್ಬೇಕು, ಸೋತಿತ್ತು. ಮೈಲಿ ಉಷಾರಿಲ್ದೆ ಮಾಡವ್ನೆ, ಪಾಪ. ಅದುನ್ನ ನಾವು ದೊಡ್ದು ಮಾಡ್ಬಾರ್ದು."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಸಭೆ ಎದ್ದು ನಿಂತು, ಕೀರ್ತಿಯ ಕೊನೆಯ ಕೆಲಸವನ್ನು ಕ್ಷಮಿಸಿತು.

ಪ್ರಮಾಣಪತ್ರ ಬರೆದರು. ಎಡದಂತ ಹಳೆಯದು, ಎರವಲು. ಬಲದಂತ ಕೃತಕ, ಸದಸ್ಯರಾದ ದಿವಂಗತ ಕೀರ್ತಿರಾಜ್ ಅವರ ತಯಾರಿಕೆ. ದೇವರಾಜಣ್ಣ ಸೀಲಿಗೆ ಊದಿ ಊದಿ ಒತ್ತಿದರು. ಎಡದ್ದನ್ನು ನನ್ನ ಕೈಗೆ ಕೊಟ್ಟರು. ಬಲದ್ದು, ಚೀಟಿ ಬರುವ ತನಕ, ಸಂಘದ ವಶಕ್ಕೆ ಹೋಯಿತು. ಸಂಘಕ್ಕೆ ಕಚೇರಿ ಇಲ್ಲದ್ದರಿಂದ ಓಮ್ನಿಯ ಹಿಂದಿನ ಸೀಟಿಗೆ ಹೋಯಿತು.

ಮಾರನೆಯ ದಿನ ಅದೇ ಓಮ್ನಿಯಲ್ಲಿ ನನ್ನನ್ನು ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದರು. ಹಸ್ತಾಂತರದ ಫೋಟೋ ಬೇಕಿತ್ತು ಅವರಿಗೆ. ದಂತವನ್ನು ನಾನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಹೊರಡುವಾಗ ಅತ್ತೆ ಗೇಟಿನ ತನಕ ಬಂದು, "ಅವ್ರ ಕೈಗೇ ಕೊಡು. ಅಲ್ಲೆಲ್ಲೋ ಮಡಗ್ಬುಟ್ಟು ಬರ್ಬ್ಯಾಡ," ಎಂದಿದ್ದರು.

ಮಂಟಪದಲ್ಲಿ ಶಾಮಿಯಾನದ ಕಂಬ ನೆಡುತ್ತಿದ್ದರು. ಆನೆ ರಸ್ತೆಯ ಕಡೆ ಮುಖ ಮಾಡಿ, ಎರಡೂ ದಂತವಿಲ್ಲದೆ, ಸೆಟ್ ತೆಗೆದಿಟ್ಟ ಅಜ್ಜಿಯ ಹಾಗೆ ನಿಂತಿತ್ತು. ನಂಜಯ್ಯ ಬಿಳಿ ಪಂಚೆಯ ಸಣ್ಣ ಮನುಷ್ಯ. ಅಷ್ಟು ದೊಡ್ಡ ಗಂಟಲು ಎಲ್ಲಿಟ್ಟುಕೊಂಡಿದ್ದಾರೋ ತಿಳಿಯಲಿಲ್ಲ. ನನ್ನನ್ನು ಕಂಡು ಕೈ ಮುಗಿದು, ತಾವೇ ಸ್ಟೂಲು ತಂದು ಹಾಕಿದರು.

ನಾನು ಸ್ಟೂಲನ್ನು ಆನೆಯ ಎಡಗಡೆಗೆ ಎಳೆದು, ಮೇಲೆ ಹತ್ತಿದೆ.

"ಆ ಕಡೆ ಯಾಕಮ್ಮ?" ಎಂದರು ನಂಜಯ್ಯ. "ಅದು ಟೆಂಪೋ ಒಡೆದ ಕಡೆ. ನಾನ್ ಕೊಟ್ಟಿದ್ದು ಈ ಕಡೇದು. ಎಡಗಡೇದು."

"ಅದು ಬಲಗಡೆ ಕಣ್ರೀ," ಎಂದರು ದೇವರಾಜಣ್ಣ, ಫೋಟೋಗೆ ಫೋನು ಹಿಡಿದುಕೊಂಡೇ.

"ಎಡಗಡೆ ಕಣ್ರೀ! ಗೇಟಿಂದ ಒಳಗ್ ಬರೋವಾಗ ಎಡಗಡೆ!"

"ಯಾರ ಎಡಗಡೆ?"

"ನಂದು! ಇನ್ಯಾರ್ದು?"

"ಆನೇದು ಹೇಳ್ಬೇಕು!"

"ಆನೇದ್ ನಾನ್ಯಾಕ್ರೀ ಹೇಳ್ಲಿ? ಫೋನ್ ಮಾಡಿದ್ದು ನೀವು ಆನೇಗಾ, ನನಗಾ?"

ಕಂಬ ನೆಡುವವರು ಕೆಲಸ ನಿಲ್ಲಿಸಿ ತಮ್ಮ ತಮ್ಮ ಎಡಗೈ ನೋಡಿಕೊಂಡರು. ಇವರಿಬ್ಬರೂ ವಾದ ಮಾಡುತ್ತಿರುವಾಗ ನಾನು ದಂತವನ್ನು ಎದುರಿಗಿದ್ದ ಗುಳಿಗೆ ಹಿಡಿದೆ. ಟೆಂಪೋ ಹೊಡೆದ ಕಡೆಯ ಸಿಮೆಂಟು ಕಿತ್ತುಹೋಗಿ ಅಂಚು ಹಲ್ಲುಹಲ್ಲಾಗಿತ್ತು. ದಂತದ ಬುಡ ಆ ಒಡೆದ ಅಂಚನ್ನು ಎಲ್ಲೂ ತಪ್ಪದೆ ತಬ್ಬಿಕೊಂಡು ಒಳಗೆ ಹೋಗಿ, ಟಕ್ ಎಂದು ಕುಳಿತಿತು. ಕೈ ಬಿಟ್ಟೆ. ಬೀಳಲಿಲ್ಲ.

ನಂಜಯ್ಯ ಹತ್ತಿರ ಬಂದು ಸುತ್ತಲೂ ಬೆರಳಾಡಿಸಿದರು. "ಅವತ್ತು ಬಂದು ಒಡೆದ ಕಡೆ ಏನೋ ಹಿಟ್ಟಿನಂಗೆ ಮೆತ್ತಿ ಅಚ್ಚು ತಕ್ಕಂಡೋಗಿದ್ರು," ಎಂದರು. "ಅದುಕ್ಕೇ ಹೆಂಗೆ ಕೂತೈತೆ ನೋಡಿ. ಅಂದ್ರೆ ಇದು ಹೊಸದು. ನಮ್ ಹಳೇದು ಇಷ್ಟು ಚೆನ್ನಾಗಿರ್ಲಿಲ್ಲ. ಅದುರ ಬುಡ ಒರಟು, ಒಂದು ಕಡೆ ಗುಳ್ಳೆ ಬೇರೆ ಎದ್ದಿತ್ತು."

ದೇವರಾಜಣ್ಣ ಜನರೇಟರಿನ ಕಟ್ಟೆಯ ಮೇಲೆ ಕುಳಿತರು. "ಸೀಲ್ ಹೊಡೆದ್ಬುಟ್ಟಿದೀನಲ್ಲಮ್ಮ," ಎಂದರು.

"ಸೀಲು ಹಾಗೇ ಇರಲಿ," ಎಂದೆ. "ಎದುರು ನಿಂತು ಓದಿದರೆ ಸರಿಯಾಗೇ ಇದೆ."

"ಆಮೇಕೆ ಮೈಕಲ್ಲಿ..."

ನಾನು ಸ್ಟೂಲಿನಿಂದ ಇಳಿದೆ. "ಅದನ್ನ ಮಾತ್ರ ವಾಪಸ್ ತಗೋಬೇಕು. ಅತ್ತೆ ಕೇಳಿಸಿಕೊಂಡಿದ್ದಾರೆ."

"ತಕ್ಕತೀನಿ." ಎದ್ದು ನಿಂತು, ಅಲ್ಲಿ ಮೈಕು ಇಲ್ಲದ್ದರಿಂದ ಕಂಬ ನೆಡುವವರ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದರು, "ಕೈ ಸೋತಿರ್ಲಿಲ್ಲ. ಕೀರ್ತಿರಾಜಂದು. ಕೈ ಸೋತಿರ್ಲಿಲ್ಲ."

ಅವರಿಗೆ ಏನೂ ಅರ್ಥವಾಗಲಿಲ್ಲ. "ಆಯ್ತು ಸಾ," ಎಂದರು. ದೇವರಾಜಣ್ಣ ಅಲ್ಲೇ ನಿಂತು ನಮ್ಮತ್ತೆಗೆ ಫೋನ್ ಮಾಡಿ, ಅದನ್ನೇ ಇನ್ನೊಮ್ಮೆ ಹೇಳಿದರು. ಆ ಕಡೆಯಿಂದ ಅತ್ತೆ ಏನೋ ಕೇಳಿದರು. "ಇಲ್ಲ ಕಣವ್ವ, ಇನ್ನೂ ಕೊಟ್ಟಿಲ್ಲ. ಈಗ ಕೊಡ್ತಾರೆ," ಎಂದರು.

"ಇದಕ್ಕೆ ಚೀಟಿ?" ಎಂದು ನಾನು ಕುಳಿತ ದಂತವನ್ನು ತೋರಿಸಿದೆ.

ಅವರು ಆನೆಯ ಬಾಯಿಯನ್ನು ನೋಡಿದರು. "ಬಾಯಿಗೆ ಕೂತ್ಮೇಲೆ ಅದು ರೋಗಿದು ಕಣಮ್ಮ. ಸಂಘಕ್ಕೆ ಸಂಬಂಧ ಇಲ್ಲ."

ಓಮ್ನಿಯ ಹಿಂದಿನ ಬಾಗಿಲು ತೆಗೆದು, ಬಿಳಿ ಬಟ್ಟೆ ಸುತ್ತಿದ್ದ ಇನ್ನೊಂದನ್ನು ತಂದು ನನಗೆ ಕೊಟ್ಟರು. ನಾನು ಬಟ್ಟೆ ಬಿಚ್ಚಿದೆ. ನಂಜಯ್ಯನವರು ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈ ಮುಂದೆ ಹಿಡಿದರು.

"ಇದು ನಿಮ್ಮದು," ಎಂದು ಕೊಟ್ಟೆ.